ಲೂಟಿ ಎಂಬ ನಾಯಿ

ಬ್ರಿಟನ್ನಿನ ರಾಜಮನೆತನದ ಕಲಾಸಂಗ್ರಹದಲ್ಲಿ 1861ರ ಒಂದು ನಾಯಿಯ ಚಿತ್ರವಿದೆ. ಬರೆದವನು ಫ್ರೆಡ್ರಿಕ್ ವಿಲ್ಹೆಲ್ಮ್ ಕೈಲ್; ಬರೆಸಿದವಳು ರಾಣಿ ವಿಕ್ಟೋರಿಯಾ. ಕೆಂಪು ಮೆತ್ತೆಯ ಮೇಲಿರುವ ಆ ನಾಯಿ ಎಷ್ಟು ಚಿಕ್ಕದೆಂದರೆ, ಅದರ ಗಾತ್ರ ನೋಡುವವರಿಗೆ ತಿಳಿಯಲೆಂದೇ ಪಕ್ಕದಲ್ಲಿ ಬೇರೆ ವಸ್ತುಗಳನ್ನು ಇಟ್ಟು ಬರೆಯಬೇಕಾಯಿತು. ಬೀಜಿಂಗ್‌ನಿಂದ ಆಗಷ್ಟೇ ಬಂದಿದ್ದ ಈ ನಾಯಿಗೆ ಇಂಗ್ಲೆಂಡಿನಲ್ಲಿ ಇಟ್ಟ ಹೆಸರು ‘ಲೂಟಿ’.

ಕನ್ನಡ ಓದುಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಸಂಸ್ಕೃತದ ‘ಲುಂಠನ’ದ ಬಳಗಕ್ಕೆ ಸೇರಿದ ಈ ಶಬ್ದ ಹಿಂದಿಯಲ್ಲಿ ‘ಲೂಟ್’ ಆಗಿ, ಕಂಪನಿ ಸರಕಾರದ ಸಿಪಾಯಿಗಳ ಬಾಯಿಂದ ಇಂಗ್ಲಿಷಿಗೆ ಹೋಯಿತು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ‘ಲೂಟ್’ ಕೂಡ ಇದೆ, ದೋಚುವವನೆಂಬ ಅರ್ಥದ ‘ಲೂಟಿ’ ಕೂಡ ಇದೆ. ನಮ್ಮ ಮಂಗಳೂರು, ಪುತ್ತೂರು ಕಡೆ ಮಕ್ಕಳ ತುಂಟಾಟಕ್ಕೂ ‘ಲೂಟಿ’ ಎನ್ನುತ್ತಾರೆ. ಆ ಕಡೆಯವರಿಗೆ ‘ಲೂಟಿ’ ಎಂದರೆ ನಾಯಿಮರಿಗೆ ಒಪ್ಪುವ ಮುದ್ದಿನ ಹೆಸರು. ರಾಣಿಯ ಮನೆಯಲ್ಲೂ ಅದು ಮುದ್ದಿನ ಹೆಸರೇ ಆಗಿತ್ತು. ಆದರೆ ಅದರ ಅರ್ಥ ಮಾತ್ರ ಮೊದಲನೆಯದು: ಕೊಳ್ಳೆ ಹೊಡೆದು ತಂದದ್ದು.

ಪೆಕಿಂಗೀಸ್ ಎಂದು ಇಂದು ಕರೆಯುವ ಈ ತಳಿಯ ಬಗ್ಗೆ ಇಂಗ್ಲಿಷಿನಲ್ಲಿ ನೂರಾರು ಪುಸ್ತಕಗಳಿವೆ. ಏನು ತಿನ್ನಿಸಬೇಕು, ಹೇಗೆ ಬಾಚಬೇಕು, ಹೇಗೆ ಮಾತು ಕೇಳುವಂತೆ ಮಾಡಬೇಕು ಎಂದು ಅವು ವಿವರವಾಗಿ ಹೇಳುತ್ತವೆ. ಅವುಗಳ ಮೊದಲ ಅಧ್ಯಾಯ ಸಾಮಾನ್ಯವಾಗಿ ‘ಇತಿಹಾಸ’. ಅಲ್ಲಿ ಅರಮನೆ, ರೇಷ್ಮೆ, ರಾಜಮಾತೆ ಬರುತ್ತಾರೆ. ಎರಡನೆಯ ಅಧ್ಯಾಯದಿಂದ ಆರೈಕೆ ಶುರು. ಈ ಎರಡು ಅಧ್ಯಾಯಗಳನ್ನು ಬೇರೆ ಬೇರೆಯಾಗಿ ಓದುವುದೇ ತಪ್ಪೆಂದು ನನಗನ್ನಿಸುತ್ತದೆ. ಈ ನಾಯಿಯ ವಿಷಯದಲ್ಲಿ ಆರೈಕೆಯೇ ಇತಿಹಾಸ. ಅದರ ಚಪ್ಪಟೆ ಮೂತಿ, ಕುಳ್ಳು ಕಾಲು, ಉಬ್ಬಿದ ಕಣ್ಣು, ನೆಲ ಗುಡಿಸುವ ಕೂದಲು ಎಲ್ಲವೂ ಯಾರೋ ದಿನವೂ ಪಕ್ಕದಲ್ಲಿದ್ದು ನೋಡಿಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ಬೆಳೆದವು. ಆ ‘ಯಾರೋ’ ಯಾರು ಎಂಬುದೇ ಈ ಬರಹದ ಪ್ರಶ್ನೆ.

*

ಚೀನಾದ ಕಾಡುಗಳಲ್ಲಿ ಸಿಂಹವಿರಲಿಲ್ಲ. ಪಶ್ಚಿಮದ ದೇಶಗಳಿಂದ ಆಸ್ಥಾನಕ್ಕೆ ಕಾಣಿಕೆಯಾಗಿ ಬಂದ ಕೆಲವು ಪ್ರಾಣಿಗಳನ್ನು ಬಿಟ್ಟರೆ, ಚೀನೀಯರು ಸಿಂಹವನ್ನು ಕಂಡದ್ದು ಹೆಚ್ಚಾಗಿ ಕಲ್ಲಿನಲ್ಲಿ, ಬಣ್ಣದಲ್ಲಿ. ಭಾರತದಿಂದ ಹೋದ ಬೌದ್ಧಧರ್ಮದ ಜೊತೆ ಸಿಂಹವೂ ಹೋಯಿತು. ಬುದ್ಧ ಶಾಕ್ಯಸಿಂಹ, ಅವನ ಬೋಧೆ ಸಿಂಹನಾದ, ಬೋಧಿಸತ್ವ ಮಂಜುಶ್ರೀಯ ವಾಹನ ಸಿಂಹ. ನಿಜವಾದ ಸಿಂಹವನ್ನು ನೋಡದ ಶಿಲ್ಪಿಗಳ ಕೈಯಲ್ಲಿ ಅದು ದುಂಡು ಕಣ್ಣಿನ, ಗುಂಗುರು ಕೇಸರದ, ಅಗಲ ಬಾಯಿಯ ಒಂದು ಪ್ರಾಣಿಯಾಯಿತು. ಆಮೇಲೆ ಆ ಶಿಲ್ಪದ ಹೋಲಿಕೆ ಇರುವ ನಾಯಿಯನ್ನು ‘ಸಿಂಹನಾಯಿ’ ಎಂದು ಕರೆದರು. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ದಿನವೂ ಕಾಣುವ ಶಿಟ್ಜು ನಾಯಿಯ ಹೆಸರಿನ ಅರ್ಥವೂ ಅದೇ: ಚೀನೀ ಭಾಷೆಯಲ್ಲಿ ‘ಶಿಜ಼ಿ’ ಎಂದರೆ ಸಿಂಹ.

‘ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೂ ಹಳೇ ಚಾಳಿ ಬಿಡದು’ ಎಂಬ ಗಾದೆ ನಮ್ಮಲ್ಲಿದೆ. ಹಾನ್ ವಂಶದ ದೊರೆ ಲಿಂಗ್ (ಆಳ್ವಿಕೆ ಕ್ರಿ.ಶ. 168–189) ಅದನ್ನು ಬಹುಮಟ್ಟಿಗೆ ಮಾಡಿಯೇ ನೋಡಿದವನು. ತನ್ನ ಉದ್ಯಾನದಲ್ಲಿ ಅವನು ನಾಯಿಗಳಿಗೆ ಅಧಿಕಾರಿಗಳ ಟೋಪಿ, ಪಟ್ಟಿ ತೊಡಿಸಿ ಆಡುತ್ತಿದ್ದನೆಂದು ಆ ಕಾಲದ ಚರಿತ್ರೆ ದಾಖಲಿಸಿದೆ. ಚರಿತ್ರೆಕಾರರಿಗೆ ಅದು ನಾಯಿಪ್ರೀತಿಯ ಕಥೆಯಾಗಿರಲಿಲ್ಲ. ರಾಜ್ಯ ಕುಸಿಯುವ ಲಕ್ಷಣವಾಗಿತ್ತು. ಹಣಕ್ಕೆ ಹುದ್ದೆ ಮಾರುತ್ತಿದ್ದ ದೊರೆಯ ಆಸ್ಥಾನದಲ್ಲಿ ನಾಯಿಗೂ ಅಧಿಕಾರಿಗೂ ವ್ಯತ್ಯಾಸ ಉಳಿದಿಲ್ಲವೆಂಬ ಕುಹಕ ಅದರಲ್ಲಿತ್ತು.

ಪುಟ್ಟ ನಾಯಿಗೆ ಕಲಿಸಿದ ಕೆಲಸದ ಬಗ್ಗೆ ಸ್ಪಷ್ಟವಾದ ದಾಖಲೆ ಸಿಗುವುದು ತಾಂಗ್ ವಂಶದ ಕಾಲದಲ್ಲಿ. 624ರಲ್ಲಿ ಮಧ್ಯ ಏಷ್ಯಾದ ಗಾವೋಚಾಂಗ್ ರಾಜ್ಯದ ದೊರೆ ತಾಂಗ್ ಆಸ್ಥಾನಕ್ಕೆ ಒಂದು ಜೋಡಿ ನಾಯಿಗಳನ್ನು ಕಾಣಿಕೆ ಕಳಿಸಿದ. ಗೇಣಿಗಿಂತ ಕಡಿಮೆ ಎತ್ತರ, ಒಂದಡಿಯಷ್ಟು ಉದ್ದ. ಅವು ಮೂಲತಃ ಫೂಲಿನ್ ದೇಶದವು. ಚೀನೀಯರು ಹಾಗೆ ಕರೆಯುತ್ತಿದ್ದುದು ಬೈಜಾಂಟಿಯಂ ಸಾಮ್ರಾಜ್ಯವನ್ನು. ಈ ನಾಯಿಗಳು ಕುದುರೆಯ ಲಗಾಮನ್ನು ಬಾಯಲ್ಲಿ ಹಿಡಿದು ನಡೆಸುತ್ತಿದ್ದವು, ಬಾಯಲ್ಲಿ ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದವು ಎಂದು ತಾಂಗ್ ಚರಿತ್ರೆ ಹೇಳುತ್ತದೆ. ಉರಿಯುವ ಬತ್ತಿಯನ್ನು ಬಾಯಲ್ಲಿ ಹಿಡಿಯುವುದು ಯಾವ ನಾಯಿಗೂ ಸಹಜವಲ್ಲ. ಬೆಂಕಿಯ ಭಯ ಬಿಡಿಸಿ, ಕಚ್ಚದೆ ಹಿಡಿಯುವುದನ್ನು ಕಲಿಸಿ, ನಿಂತಲ್ಲೇ ನಿಲ್ಲುವುದನ್ನು ರೂಢಿಮಾಡಿಸಲು ಯಾರೋ ತಿಂಗಳುಗಟ್ಟಲೆ ಕೂತು ಪಳಗಿಸಿರಬೇಕು. ದೊರೆಯ ಹೆಸರು, ದೇಶದ ಹೆಸರು, ನಾಯಿಯ ಅಳತೆ ದಾಖಲಾಗಿವೆ. ಪಳಗಿಸಿದವರ ಹೆಸರಿಲ್ಲ.

ಮುಂದಿನ ಶತಮಾನದ ಇನ್ನೊಂದು ಪ್ರಸಂಗ ಪ್ರಸಿದ್ಧವಾದದ್ದು. ದೊರೆ ಷ್ವಾನ್‌ಜೋಂಗ್ ಮಣೆಯ ಮೇಲೆ ಕಾಯಿ ಆಡುತ್ತಿದ್ದಾನೆ. ಸೋಲು ಹತ್ತಿರ ಬಂದಿದೆ. ಪಕ್ಕದಲ್ಲಿ ನಿಂತಿದ್ದ ಪ್ರೇಯಸಿ ಯಾಂಗ್ ಗ್ವೀಫೇ ಸಮರ್ಕಂದಿನ ಪುಟ್ಟ ನಾಯಿಯನ್ನು ಕೈಯಿಂದ ಬಿಡುತ್ತಾಳೆ. ಅದು ಮಣೆ ಹತ್ತಿ ಕಾಯಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತದೆ. ದೊರೆಗೆ ಬಹಳ ಸಂತೋಷವಾಯಿತಂತೆ. ಒಂಬತ್ತನೆಯ ಶತಮಾನದ ದುವಾನ್ ಚೆಂಗ್‌ಷಿ ಸಂಗ್ರಹಿಸಿದ ಕಥೆಗಳಲ್ಲಿ ಇದು ಬರುತ್ತದೆ. ಆಸ್ಥಾನದಲ್ಲಿ ಯಾರೂ ಮಾಡಲಾಗದ್ದನ್ನು ಮಡಿಲ ನಾಯಿ ಮಾಡಬಹುದಿತ್ತು, ಏಕೆಂದರೆ ಅದರ ಮೇಲೆ ಯಾರೂ ಅಪರಾಧ ಹೊರಿಸುವಂತಿರಲಿಲ್ಲ.

ಈ ನಾಯಿಗಳೇ ಪೆಕಿಂಗೀಸ್‌ನ ಪೂರ್ವಜರೆಂದು ನೇರ ಗೆರೆ ಎಳೆಯಲಾಗದು. ಎರಡು ಸಾವಿರ ವರ್ಷಗಳ ತುಂಡಾಗದ ವಂಶಾವಳಿಯನ್ನು ಕಟ್ಟುವುದು ತಳಿಪ್ರಿಯರ ಹಳೆಯ ಚಟ. 2004ರ ಒಂದು ಡಿಎನ್‌ಎ ಅಧ್ಯಯನ ಪೆಕಿಂಗೀಸ್, ಶಿಟ್ಜು, ಲಾಸಾ ಆಪ್ಸೊಗಳನ್ನು ತೋಳಕ್ಕೆ ಹತ್ತಿರವಿರುವ ಹಳೆಯ ತಳಿಗಳ ಗುಂಪಿನಲ್ಲಿ ಇರಿಸಿದ್ದು ನಿಜ. ಆದರೆ ರಕ್ತ ಹಳೆಯದೆಂದ ಮಾತ್ರಕ್ಕೆ ಈಗ ಕಾಣುವ ಮುಖವೂ ಹಳೆಯದೆಂದಾಗುವುದಿಲ್ಲ. ಹಾನ್ ಮತ್ತು ತಾಂಗ್ ಕಾಲದಿಂದ ನಿಶ್ಚಯವಾಗಿ ತಿಳಿಯುವುದು ಇಷ್ಟು: ಬೇಟೆಗೂ ಕಾವಲಿಗೂ ಬೇಡವಾದ, ಜೊತೆಗಾಗಿ ಮಾತ್ರ ಸಾಕುವ ಪುಟ್ಟ ನಾಯಿ ಅರಮನೆಯ ಒಳಗೆ ಸೇರಿತ್ತು, ಅದನ್ನು ಸಾಕುವುದು ಅಲ್ಲಿ ಒಂದು ಉದ್ಯೋಗವಾಗಿತ್ತು.

*

ಆ ಉದ್ಯೋಗ ಹೇಗಿತ್ತೆಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷ್ಯ ಸಿಗುವುದು ಕೊನೆಯ ಕಾಲದಲ್ಲಿ, ಚಿಂಗ್ ವಂಶದ ರಾಜಮಾತೆ ತ್ಸಿಶಿಯ ಅರಮನೆಯಲ್ಲಿ. 1903ರಲ್ಲಿ ಕ್ಯಾಥರೀನ್ ಕಾರ್ಲ್ ಎಂಬ ಅಮೆರಿಕನ್ ಚಿತ್ರಕಾರ್ತಿ ರಾಜಮಾತೆಯ ಭಾವಚಿತ್ರ ಬರೆಯಲು ಬೀಜಿಂಗ್‌ಗೆ ಬಂದಳು. ಮರುವರ್ಷದ ಸೇಂಟ್ ಲೂಯಿಸ್ ಪ್ರದರ್ಶನಕ್ಕೆ ಆ ಚಿತ್ರ ಹೋಗಬೇಕಿತ್ತು. ತಿಂಗಳುಗಟ್ಟಲೆ ಅರಮನೆಯ ಒಳಗಿದ್ದ ಕಾರ್ಲ್ ನಂತರ ಬರೆದ ಪುಸ್ತಕದಲ್ಲಿ ನಾಯಿಗಳ ಬಗ್ಗೆ ಹಲವು ಪುಟಗಳಿವೆ. ನಾಯಿಗಳಿಗೆ ಅಮೃತಶಿಲೆಯ ನೆಲದ ಪ್ರತ್ಯೇಕ ಮಂಟಪವಿತ್ತು, ಮಲಗಲು ರೇಷ್ಮೆಯ ಮೆತ್ತೆಗಳಿದ್ದವು. ದಿನವೂ ಹೊರಗೆ ಓಡಾಡಿಸುವುದು, ತಪ್ಪದೆ ಸ್ನಾನ ಮಾಡಿಸುವುದು ನಡೆಯುತ್ತಿತ್ತು. ಈ ಕೆಲಸಕ್ಕೆಂದೇ ಖೋಜಾಗಳನ್ನು, ಅಂದರೆ ಅಂತಃಪುರದ ಸೇವೆಗಾಗಿ ಬೀಜ ತೆಗೆಸಿಕೊಂಡ ಸೇವಕರನ್ನು, ನೇಮಿಸಲಾಗಿತ್ತು.

ತ್ಸಿಶಿಯ ನಾಯಿಗಳಲ್ಲಿ ಎರಡನ್ನು ಕಾರ್ಲ್ ವಿಶೇಷವಾಗಿ ನೆನೆಯುತ್ತಾಳೆ. ಒಂದು ಬಹಳ ಚುರುಕು. ರಾಜಮಾತೆ ಹೇಳಿದರೆ ಸತ್ತಂತೆ ಬಿದ್ದುಕೊಳ್ಳುತ್ತಿತ್ತು. ಬೇರೆ ಯಾರು ಎಷ್ಟು ಕರೆದರೂ ಅಲುಗಾಡದೆ, ಅವಳೇ ಏಳೆನ್ನುವವರೆಗೆ ಹಾಗೆಯೇ ಇರುತ್ತಿತ್ತು. ಇನ್ನೊಂದು ಚೆಲುವಾದ ನಾಯಿ, ರಾಜಮಾತೆಯ ಮೇಲೆ ಅದಕ್ಕೆ ಅಪಾರ ಪ್ರೀತಿ. ಆದರೆ ಮರಿಯಾಗಿದ್ದಾಗಲೂ ಅದಕ್ಕೆ ಏನನ್ನೂ ಸುಲಭವಾಗಿ ಕಲಿಸಲಾಗಲಿಲ್ಲ. ಅವಳು ಅದಕ್ಕಿಟ್ಟ ಹೆಸರಿನ ಅರ್ಥ ‘ಪೆದ್ದ’. ಪೆದ್ದನೂ ಅವಳ ಮೆಚ್ಚಿನ ನಾಯಿಯೇ ಆಗಿತ್ತು.

ಈ ಎರಡನೆಯ ನಾಯಿಯ ಬಗ್ಗೆ ನನಗೆ ಹೆಚ್ಚು ಕುತೂಹಲ. ಅಪ್ಪಣೆ ಪಾಲಿಸುವ ನಾಯಿ ಅಧಿಕಾರಕ್ಕೆ ಒಪ್ಪುವ ಪ್ರತಿಮೆ. ಒಬ್ಬಳೇ ಒಡತಿಯ ಮಾತಿಗೆ ಸತ್ತು, ಅವಳ ಮಾತಿಗೇ ಬದುಕುವ ಪ್ರಾಣಿ. ಆದರೆ ಎಲ್ಲರ ಮೇಲೂ ಆಜ್ಞೆ ನಡೆಯುತ್ತಿದ್ದ ಮನೆಯಲ್ಲಿ, ಆಜ್ಞೆ ತಲೆಗೆ ಹೋಗದ ಒಂದು ಜೀವವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲಾಗಿತ್ತು. ಏನೂ ಕಲಿಯದೆಯೂ ಜೊತೆಗಿರಬಹುದೆಂಬ ರಿಯಾಯಿತಿ ಆ ಅರಮನೆಯಲ್ಲಿ ಇನ್ನು ಯಾರಿಗೂ ಇದ್ದಂತಿಲ್ಲ.

ಕಾರ್ಲ್ ಇನ್ನೊಂದು ಸಂಗತಿ ಹೇಳುತ್ತಾಳೆ. ಆ ಕಾಲದಲ್ಲಿ ಅಂಗಿಯ ಅಗಲ ತೋಳಿನೊಳಗೆ ಇಟ್ಟುಕೊಂಡು ಹೋಗುವಷ್ಟು ಸಣ್ಣ ನಾಯಿಗಳ ಖಯಾಲಿಯೂ ಇತ್ತು. ಸಿಹಿತಿಂಡಿ, ಮದ್ಯಗಳನ್ನೇ ಕೊಟ್ಟು ಅವುಗಳ ಬೆಳವಣಿಗೆ ತಡೆಯುತ್ತಿದ್ದರು. ತ್ಸಿಶಿಗೆ ಇದು ಹಿಡಿಸುತ್ತಿರಲಿಲ್ಲ. ಮನುಷ್ಯನ ಖುಷಿಗಾಗಿ ಪ್ರಾಣಿಯ ದೇಹ ಕೆಡಿಸುವುದು ಅವಳಿಗೆ ಅರ್ಥವಾಗದ ಮಾತು. 1921ರಲ್ಲಿ ವಿ. ಡಬ್ಲ್ಯು. ಎಫ್. ಕಾಲಿಯರ್ ಪ್ರಕಟಿಸಿದ ಚೀನಾ ಮತ್ತು ಜಪಾನಿನ ನಾಯಿಗಳ ಪುಸ್ತಕದಲ್ಲಿ ಇಂಥ ವಿಧಾನಗಳ ವಿವರ ಇನ್ನಷ್ಟಿವೆ: ಮರಿಯ ಊಟ ಕಡಿಮೆ ಮಾಡುವುದು, ಓಡಾಡಲು ಬಿಡದಿರುವುದು, ಮೈಗೆ ಅಳತೆಯಾದ ತಂತಿಯ ಗೂಡಿನಲ್ಲಿ ಇಡುವುದು, ದಿನಗಟ್ಟಲೆ ಕೈಯಲ್ಲೇ ಅದುಮಿ ಹಿಡಿದುಕೊಂಡಿರುವುದು.

ಈ ಕೊನೆಯದನ್ನು ಓದಿ ನಾನು ಸ್ವಲ್ಪ ಹೊತ್ತು ನಿಂತೆ. ಮರಿಯನ್ನು ಕೈಯಲ್ಲಿ ಹಿಡಿದುಕೊಂಡಿರುವುದು ಮುದ್ದು ಮಾಡುವ ಭಂಗಿ. ಹೊರಗಿನಿಂದ ನೋಡಿದವರಿಗೆ ಲಾಲನೆಗೂ ಹಿಂಸೆಗೂ ವ್ಯತ್ಯಾಸ ಕಾಣಿಸದು. ಊಟ ಕೊಡುವ ಕೈಯೇ ಊಟ ತಡೆಯುವ ಕೈ.

ಆ ಕೈ ಯಾರದ್ದೆಂಬುದೂ ಮುಖ್ಯ. 1902ರಲ್ಲಿ ತ್ಸಿಶಿ ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿಯನ್ನು ಬಿಡುವಂತೆ ಆಜ್ಞೆ ಹೊರಡಿಸಿದಳು. ಅವಳು ಮಂಚು ಕುಲದವಳು. ಮಂಚು ಹೆಂಗಸರು ಪಾದ ಕಟ್ಟುತ್ತಿರಲಿಲ್ಲ. ಪಾದ ಕಟ್ಟುವುದು ಅವಳಿಗೆ ಒಪ್ಪಿಗೆಯಿಲ್ಲ, ನಾಯಿಯ ಮೈ ಕುಗ್ಗಿಸುವುದೂ ಒಪ್ಪಿಗೆಯಿಲ್ಲ. ಆದರೆ ಅವಳ ನಾಯಿಗಳಿಗೆ ಸ್ನಾನ ಮಾಡಿಸುತ್ತಿದ್ದವರು, ಅರಮನೆಯಲ್ಲಿ ಕೆಲಸ ಸಿಗಲೆಂದು ಎಷ್ಟೋ ಸಲ ಬಾಲ್ಯದಲ್ಲೇ, ಬಡತನದಿಂದ ದೇಹಕ್ಕೆ ಕತ್ತಿ ಹಾಕಿಸಿಕೊಂಡ ಗಂಡಸರು. ಅರಮನೆಯ ಅಗತ್ಯಕ್ಕೆ ತಕ್ಕಂತೆ ಮಾರ್ಪಟ್ಟ ದೇಹಗಳು ಅರಮನೆಯ ಅಗತ್ಯಕ್ಕೆ ತಕ್ಕಂತೆ ಮಾರ್ಪಟ್ಟ ದೇಹಗಳನ್ನು ನೋಡಿಕೊಳ್ಳುತ್ತಿದ್ದವು. ತಳಿಯ ಪುಸ್ತಕಗಳ ‘ಇತಿಹಾಸ’ದ ಅಧ್ಯಾಯದಲ್ಲಿ ಖೋಜಾಗಳು ಬಂದರೂ ಅಲಂಕಾರಕ್ಕೆ ಬರುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಯಾವ ಹೆಣ್ಣನ್ನು ಯಾವ ಗಂಡಿಗೆ ಕೂಡಿಸಬೇಕು, ಯಾವ ಮರಿ ಉಳಿಯುತ್ತದೆ, ಹಾಲು ಬಾರದ ತಾಯಿಯ ಮರಿಗೆ ಏನು ಮಾಡಬೇಕು ಎಂಬ ತಿಳಿವಳಿಕೆ ಅವರಲ್ಲಿತ್ತು.

*

ಆ ತಿಳಿವಳಿಕೆಯಿಂದ ನಾಯಿಯನ್ನು ಬೇರ್ಪಡಿಸಿದ್ದು 1860ರ ಅಕ್ಟೋಬರ್. ಎರಡನೆಯ ಅಫೀಮು ಯುದ್ಧದ ಕೊನೆಯ ಹಂತದಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಬೀಜಿಂಗ್ ತಲುಪಿದವು. ದೊರೆ ಷಿಯಾನ್‌ಫೆಂಗ್ ಉತ್ತರದ ರೆಹೆಗೆ ಓಡಿಹೋಗಿದ್ದ. ಮುಂದೆ ರಾಜಮಾತೆಯಾಗಲಿದ್ದ ತ್ಸಿಶಿಯೂ ಅವನೊಂದಿಗಿದ್ದಳು. ನಗರದ ಹೊರಗಿನ ಯುವಾನ್‌ಮಿಂಗ್‌ಯುವಾನ್ ಉದ್ಯಾನ ಅರಮನೆಗೆ ಸೈನಿಕರು ನುಗ್ಗಿದರು. ಹಲವು ದಿನ ದೋಚಿದರು. ಸಂಧಾನಕ್ಕೆ ಹೋಗಿದ್ದವರನ್ನು ಚೀನೀಯರು ಸೆರೆಹಿಡಿದು ಹಿಂಸಿಸಿದ್ದರು. ಸತ್ತವರಲ್ಲಿ ‘ಟೈಮ್ಸ್’ ಪತ್ರಿಕೆಯ ವರದಿಗಾರ ಥಾಮಸ್ ಬೌಲ್ಬಿ ಇದ್ದ, ಭಾರತೀಯ ಸವಾರರೂ ಇದ್ದರು. ಅದಕ್ಕೆ ಪ್ರತೀಕಾರವೆಂದು ಎಲ್ಗಿನ್ ಪ್ರಭು ಅರಮನೆಗೆ ಬೆಂಕಿ ಹಚ್ಚಲು ಆಜ್ಞೆ ಮಾಡಿದ. ಅಕ್ಟೋಬರ್ 18ರಂದು ಶುರುವಾದ ಬೆಂಕಿ ದಿನಗಟ್ಟಲೆ ಉರಿಯಿತು.

ಈ ದಂಡಯಾತ್ರೆಯನ್ನು ‘ಬ್ರಿಟಿಷರದ್ದು’ ಎಂದು ಹೇಳಿ ನಾವು ದೂರ ನಿಲ್ಲುವಂತಿಲ್ಲ. ಪಂಜಾಬಿನ ಪದಾತಿಗಳು, ಸಿಖ್ ಸವಾರರು, ಮದ್ರಾಸ್ ಸ್ಯಾಪರ್‌ಗಳು ಅದರಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯುದ್ಧಗೌರವಗಳಲ್ಲಿ ಟಾಕು ಕೋಟೆ ಮತ್ತು ಪೆಕಿನ್‌ನ ಹೆಸರುಗಳಿವೆ. ಎಲ್ಗಿನ್‌ನ ಕಥೆಯೂ ಭಾರತಕ್ಕೆ ಅಂಟಿಕೊಂಡದ್ದೇ. 1857ರಲ್ಲಿ ಚೀನಾಕ್ಕೆ ಹೊರಟಿದ್ದ ತನ್ನ ಸೈನ್ಯವನ್ನು ಸಿಪಾಯಿಗಳ ದಂಗೆ ಅಡಗಿಸಲು ಕಲ್ಕತ್ತೆಗೆ ತಿರುಗಿಸಿದವನು ಅವನು. 1862ರಲ್ಲಿ ಭಾರತದ ವೈಸ್‌ರಾಯ್ ಆಗಿ ಬಂದು, ಮರುವರ್ಷ ಧರ್ಮಶಾಲಾದಲ್ಲಿ ತೀರಿಕೊಂಡ. ಗ್ರೀಸಿನ ಪಾರ್ಥೆನಾನ್ ಗುಡಿಯ ಶಿಲ್ಪಗಳನ್ನು ಕಿತ್ತು ಲಂಡನ್ನಿಗೆ ಸಾಗಿಸಿದ ಎಲ್ಗಿನ್ ಇವನ ತಂದೆ.

ಅರಮನೆಯ ಅವಶೇಷದಲ್ಲಿ ನಾಯಿಯನ್ನು ಪಡೆದವನು 99ನೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ಹಾರ್ಟ್ ಡನ್. ಅವನು 1861ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ‘ಕಲ್ಕತ್ತೆಯಿಂದ ಪೆಕಿನ್‌ಗೆ’. ಊರಿಗೆ ಮರಳಿ ಅವನು ನಾಯಿಯನ್ನು ರಾಣಿಗೆ ಅರ್ಪಿಸಿದ. ಅದೇ ದಾಳಿಯಲ್ಲಿ ಒಟ್ಟು ಐದು ನಾಯಿಗಳು ಸಿಕ್ಕವೆಂದೂ, ಉಳಿದವು ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಪಾಲಾದವೆಂದೂ ತಳಿಪ್ರಿಯರ ವಲಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ದೊರೆಯ ಚಿಕ್ಕಮ್ಮ ಆತ್ಮಹತ್ಯೆ ಮಾಡಿಕೊಂಡಿದ್ದಳು, ಅವಳ ಶವದ ಸುತ್ತ ಈ ನಾಯಿಗಳಿದ್ದವು ಎಂಬ ಕಥೆಯೂ ಅದರ ಜೊತೆ ಸೇರಿಕೊಂಡಿದೆ. ದೋಚಿದ ವಸ್ತುವಿಗೆ ಕರುಣೆಯ ಕಥೆ ಅಂಟಿಸಿದರೆ, ದೋಚಿದವನು ಕಾಪಾಡಿದವನಾಗುತ್ತಾನೆ. ರಾಣಿಯ ಮನೆಯ ಹೆಸರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ.

ಲೂಟಿ ವಿಂಡ್ಸರ್ ಅರಮನೆಗೆ ಬಂದ ಮೊದಲ ದಿನಗಳ ಒಂದು ಪತ್ರವ್ಯವಹಾರ ಉಳಿದಿದೆ. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸು ಮೇಲಿನವರಿಗೆ ಬರೆದದ್ದು: ನಾಯಿಗೆ ಊಟದಲ್ಲಿ ಬಹಳ ನಾಜೂಕು, ಬ್ರೆಡ್ಡು ಮಾಂಸ ಕೊಟ್ಟರೆ ಮುಟ್ಟುವುದಿಲ್ಲ, ಬೆಂದ ಅನ್ನಕ್ಕೆ ಸ್ವಲ್ಪ ಕೋಳಿ, ಸ್ವಲ್ಪ ರಸ ಕಲಸಿ ಇಟ್ಟರೆ ತಿನ್ನುತ್ತದೆ. ಮೇಲಿನವರಿಂದ ಬಂದ ಉತ್ತರದಲ್ಲಿ ಕಿರಿಕಿರಿಯಿತ್ತು. ಚೀನಾದ ನಾಯಿಗೆ ಕೋಳಿಯೇ ಬೇಕಂತೆ ಎಂಬ ಧಾಟಿ. ಒಂದಿಷ್ಟು ಉಪವಾಸ ಹಾಕಿ, ಒಂದಿಷ್ಟು ಪುಸಲಾಯಿಸಿದರೆ ಒಳ್ಳೆಯ ಊಟ ಯಾವುದೋ ಅದಕ್ಕೆ ತಾನೇ ರೂಢಿಯಾಗುತ್ತದೆ ಎಂಬ ಸಲಹೆ.

ಅನ್ನ ಕೇಳಿದ ನಾಯಿಗೆ ಉಪವಾಸದ ಪಾಠ. ತೋಳಿನೊಳಗಿನ ನಾಯಿಗೆ ಊಟ ಕಡಿಮೆ ಮಾಡಿದ್ದು ಕ್ರೌರ್ಯವೆಂದು ಮುಂದೆ ಇಂಗ್ಲಿಷ್ ಪುಸ್ತಕಗಳು ಬರೆದವು. ವಿಂಡ್ಸರ್‌ನಲ್ಲಿ ಊಟ ತಡೆದರೆ ಅದಕ್ಕೆ ತರಬೇತಿ ಎಂದು ಹೆಸರು. ಆದರೆ ಆ ಪತ್ರ ಬರೆದ ಹೆಂಗಸನ್ನು ಗಮನಿಸಬೇಕು. ಬೀಜಿಂಗ್‌ನಲ್ಲಿ ಈ ನಾಯಿಯನ್ನು ನೋಡಿಕೊಂಡವರು ಯಾರೋ ಅವಳಿಗೆ ತಿಳಿಯದು. ನಾಯಿ ಏನನ್ನು ಬಿಡುತ್ತದೆ, ಏನನ್ನು ತಿನ್ನುತ್ತದೆ ಎಂದು ನೋಡಿ ನೋಡಿಯೇ ಅವಳು ಅನ್ನದ ಗುಟ್ಟು ಕಂಡುಹಿಡಿದಳು. ಅರಮನೆಯ ಖೋಜಾಗಳ ತಿಳಿವಳಿಕೆಯ ಒಂದು ತುಣುಕು ಹೀಗೆ, ಪುಸ್ತಕದಿಂದಲ್ಲ, ನಾಯಿಯ ನಾಲಿಗೆಯಿಂದ, ಇನ್ನೊಂದು ಅರಮನೆಯ ಕೆಲಸದವಳಿಗೆ ದಾಟಿತು. ಲೂಟಿ ಅಲ್ಲಿ ಹನ್ನೊಂದು ವರ್ಷ ಬದುಕಿ 1872ರಲ್ಲಿ ಸತ್ತಿತು.

*

ಮುಂದಿನ ಕಥೆ ಇಂಗ್ಲೆಂಡಿನದು. 1894ರಲ್ಲಿ ಪೆಕಿಂಗೀಸ್ ಅಲ್ಲಿನ ನಾಯಿ ಪ್ರದರ್ಶನಕ್ಕೆ ಬಂತು. 1898ರಲ್ಲಿ ಕೆನಲ್ ಕ್ಲಬ್ಬಿನ ಮಾನ್ಯತೆ ಸಿಕ್ಕಿತು. 1904ರಲ್ಲಿ ತಳಿಗೇ ಮೀಸಲಾದ ಕ್ಲಬ್ಬು ಹುಟ್ಟಿತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮೇಲ್ವರ್ಗದ ಹೆಂಗಸರ ಮಡಿಲಲ್ಲಿ ಇದು ಸಾಮಾನ್ಯ ದೃಶ್ಯ. ಇತಿಹಾಸಕಾರ್ತಿ ಸಾರಾ ಚಿಯಾಂಗ್ 2006ರ ಪ್ರಬಂಧವೊಂದರಲ್ಲಿ ತೋರಿಸಿರುವಂತೆ, ಈ ನಾಯಿಯ ಮೂಲಕ ಬ್ರಿಟಿಷ್ ಸಮಾಜ ‘ಹಳೆಯ ಚೀನಾ’ವನ್ನು ಕನಸಿನಂತೆ ಇಟ್ಟುಕೊಂಡಿತು. ಆ ಚೀನಾವನ್ನು ಸುಟ್ಟವರಲ್ಲಿ ತಾವೂ ಇದ್ದೇವೆಂಬುದು ಆ ಕನಸಿಗೆ ಅಡ್ಡಿಯಾಗಲಿಲ್ಲ.

ಅರಮನೆಯಲ್ಲಿ ಕಣ್ಣಂದಾಜಿನಲ್ಲಿದ್ದದ್ದು ಇಲ್ಲಿ ಬರಹಕ್ಕೆ ಇಳಿಯಿತು. ಮುಖ ಹೇಗಿರಬೇಕು, ಕಾಲು ಎಷ್ಟು ಬಾಗಿರಬೇಕು, ತೂಕ ಎಷ್ಟಿರಬೇಕು ಎಂಬುದಕ್ಕೆ ಮಾನದಂಡ ಬಂತು. ಸಿಂಹದ ಹೋಲಿಕೆ ಆ ಮಾನದಂಡದ ಜೀವಾಳ. ಭಾರತದ ಸಿಂಹವನ್ನು ಕಾಣದ ಚೀನೀ ಶಿಲ್ಪಿಯ ಕಲ್ಪನೆ, ಆ ಕಲ್ಪನೆಯನ್ನು ಹೋಲುವ ನಾಯಿ, ಆ ನಾಯಿಯನ್ನು ಅಳೆಯುವ ಇಂಗ್ಲಿಷ್ ತೀರ್ಪುಗಾರ. ಪ್ರತಿ ಪೀಳಿಗೆಯಲ್ಲೂ ಬಹುಮಾನ ಗೆದ್ದ ನಾಯಿಗೆ ಹೆಚ್ಚು ಮರಿ. ಲೂಟಿಯ ಚಿತ್ರವನ್ನೂ ಇಂದಿನ ಪ್ರದರ್ಶನದ ಪೆಕಿಂಗೀಸ್‌ನ ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗೂ ಕಾಣುತ್ತದೆ: ಲೂಟಿಗೆ ಮೂತಿಯಿತ್ತು. ಇಂದಿನ ನಾಯಿಯ ಮೂಗು ಕಣ್ಣುಗಳ ನಡುವೆ ಹುದುಗಿಹೋಗಿದೆ. ಚೀನಾದ ಅರಮನೆಯಲ್ಲಿ ಶತಮಾನಗಳು ಮಾಡದ್ದನ್ನು ಯುರೋಪಿನ ಪ್ರದರ್ಶನಗಳು ನೂರೇ ವರ್ಷದಲ್ಲಿ ಮಾಡಿದವು.

2003ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದ ಪರಮ ಬಹುಮಾನ ಒಂದು ಪೆಕಿಂಗೀಸ್‌ಗೆ ಸಿಕ್ಕಿತು. 2008ರ ಆಗಸ್ಟಿನಲ್ಲಿ ಬಿಬಿಸಿ ಶುದ್ಧ ತಳಿಯ ನಾಯಿಗಳ ಕಷ್ಟದ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿದಾಗ, ಗೆದ್ದ ಆ ನಾಯಿ ಮೈ ಕಾಯದಂತೆ ಮಂಜಿನ ಚೀಲದ ಮೇಲೆ ಕೂತಿದ್ದುದನ್ನೂ, ಅದಕ್ಕೆ ಅಂಗುಳಿನ ಶಸ್ತ್ರಚಿಕಿತ್ಸೆ ಆಗಿತ್ತೆಂಬುದನ್ನೂ ಜಗತ್ತು ಗಮನಿಸಿತು. ಅದೇ ವರ್ಷ ಕೆನಲ್ ಕ್ಲಬ್ಬು ಪೆಕಿಂಗೀಸ್‌ನ ಮಾನದಂಡ ತಿದ್ದಿತು: ಮೂತಿ ಕಾಣುವಂತಿರಬೇಕು. ಮೂತಿ ಇರಬೇಕೆಂದು ನಿಯಮ ಬರೆಯಬೇಕಾಗಿ ಬಂದದ್ದೇ ಆ ನೂರು ವರ್ಷಗಳ ಸಾರಾಂಶ.

*

ಕಾಲಿಯರ್ ವಿವರಿಸಿದ ತಂತಿಯ ಗೂಡು, ಕಡಿಮೆ ಊಟ ಮರಿಯೊಂದನ್ನು ಕುಗ್ಗಿಸಬಹುದಿತ್ತೇ ಹೊರತು ಅದರ ಮರಿಗಳನ್ನಲ್ಲ. ಕುಳ್ಳು ಕಾಲಿನ ಗುಟ್ಟು ವಂಶವಾಹಿಯಲ್ಲಿದೆ. ಪೆಕಿಂಗೀಸ್, ಡ್ಯಾಶ್‌ಹಂಡ್, ಕಾರ್ಗಿ ಮೊದಲಾದ ತಳಿಗಳ ಕಾಲು ಗಿಡ್ಡವಾಗಲು ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಕಾರಣವೆಂದು 2009ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಎಂದರೆ ಕೂಡಿಸುವ ನಾಯಿಗಳನ್ನು ಆರಿಸುತ್ತಿದ್ದ ಕಣ್ಣು, ಅದುಮುತ್ತಿದ್ದ ಕೈಗಿಂತ ಬಲವಾಗಿತ್ತು. ಆ ಆಯ್ಕೆಯ ಫಲವನ್ನು ಇಂದು ಮನೆಗೆ ತರುವವರು ತೀರಿಸಬೇಕಾದ ಬಾಕಿ ದಿನದಿನದ್ದು.

ಮೂತಿ ಗಿಡ್ಡವಾದಾಗ ಎಲುಬು ಕುಗ್ಗಿತು, ಒಳಗಿನ ಮೃದು ಅಂಗುಳು ಅಷ್ಟು ಕುಗ್ಗಲಿಲ್ಲ. ಗಾಳಿಯ ದಾರಿ ಇಕ್ಕಟ್ಟಾಯಿತು. ನಾಯಿ ಮೈಯ ಬಿಸಿ ಹೊರಹಾಕುವುದು ಮುಖ್ಯವಾಗಿ ತೇಕುವುದರಿಂದ. ಇದಕ್ಕೆ ಸರಿಯಾಗಿ ತೇಕಲೂ ಕಷ್ಟ. ಹಾಗಾಗಿ ಇದನ್ನು ತಂಪು ಹೊತ್ತಿನಲ್ಲೇ ಓಡಾಡಿಸಬೇಕು, ಕುತ್ತಿಗೆಗೆ ಪಟ್ಟಿ ಬಿಗಿಯುವ ಬದಲು ಎದೆಗೆ ಬೆಲ್ಟು ಹಾಕಬೇಕು, ತೂಕ ಏರದಂತೆ ನೋಡಬೇಕು. ಕಣ್ಣಿನ ಗೂಡು ಆಳವಿಲ್ಲದ್ದರಿಂದ ಒಂದು ಕಡ್ಡಿ ತಾಗಿದರೂ ಹುಣ್ಣು. ದಿನವೂ ಕಣ್ಣು ನೋಡಬೇಕು. ಮುಖದ ಮಡಿಕೆಯಲ್ಲಿ ತೇವ ನಿಂತರೆ ಕೊಳೆಯುತ್ತದೆ, ಒರೆಸಿ ಒಣಗಿಸಬೇಕು. ಉದ್ದ ಬೆನ್ನು, ಗಿಡ್ಡ ಕಾಲು. ಸೋಫಾದಿಂದ ಜಿಗಿಯುವುದು ಬೆನ್ನುಮೂಳೆಗೆ ಅಪಾಯ. ಅಮೃತಶಿಲೆಯ ಮಂಟಪದಲ್ಲಿ ಹಲವು ಖೋಜಾಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸ ಈಗ ಒಬ್ಬ ಮನುಷ್ಯನ ಬೆಳಗಿನ ಮತ್ತು ಸಂಜೆಯ ಕೆಲಸ. ನಮ್ಮ ನಗರಗಳಲ್ಲಾದರೆ ಎಷ್ಟೋ ಕಡೆ ಮನೆಗೆಲಸದವಳ ಕೆಲಸ.

ತರಬೇತಿಯ ಮಾತೂ ಇದಕ್ಕೆ ಸೇರಿಕೊಂಡಿದೆ. ಪೆಕಿಂಗೀಸ್ ಹಠಮಾರಿ, ರಾಜಗರ್ವದ ನಾಯಿ, ಕಲಿಸಲು ಕಷ್ಟ ಎಂದು ಪುಸ್ತಕಗಳು ಒಂದಾದ ಮೇಲೊಂದು ಬರೆಯುತ್ತವೆ. ನಾಯಿ ನಡು ದಾರಿಯಲ್ಲಿ ಕೂತುಬಿಟ್ಟರೆ ಅದು ಅರಮನೆಯ ಗತ್ತು. ಈ ‘ಗತ್ತ’ನ್ನು ನಾನು ಸಂಶಯದಿಂದ ನೋಡುತ್ತೇನೆ. ಸ್ವಭಾವದಲ್ಲಿ ಸ್ವತಂತ್ರ ಬುದ್ಧಿ ಇರಬಹುದು. ತ್ಸಿಶಿಯ ಪೆದ್ದ ಅದಕ್ಕೆ ಸಾಕ್ಷಿ. ಆದರೆ ಉಸಿರು ಸಾಲದೆ ಕೂತ ನಾಯಿಯೂ ದೂರದಿಂದ ಹಠ ಹಿಡಿದು ಕೂತ ನಾಯಿಯಂತೆಯೇ ಕಾಣುತ್ತದೆ. ಎದ್ದೇಳೆಂದು ಹಗ್ಗ ಎಳೆಯುವ ಮೊದಲು ಅದರ ಉಸಿರಿನ ಸದ್ದು ಕೇಳಿಸಿಕೊಳ್ಳಬೇಕಾದ್ದು ತರಬೇತಿಯ ಮೊದಲ ಪಾಠ. ಪಾಠ ನಾಯಿಗಲ್ಲ, ಕಲಿಸುವವರಿಗೆ. ಆಮೇಲಿನದು ಹೆಚ್ಚು ಕಷ್ಟವಲ್ಲ. ನಿದ್ದೆಯಿಂದ ಎದ್ದೊಡನೆ, ಊಟವಾದೊಡನೆ ಒಂದೇ ಜಾಗಕ್ಕೆ ಕರೆದೊಯ್ದರೆ ಮರಿ ಶೌಚದ ಜಾಗ ಕಲಿಯುತ್ತದೆ. ಎರಡು ಮೂರು ನಿಮಿಷದ ಪಾಠ, ಸರಿಯಾದಾಗ ಚಿಟಿಕೆಯಷ್ಟು ತಿನಿಸು, ತಪ್ಪಿದಾಗ ಸುಮ್ಮನಿರುವುದು. ಗದರಿದರೆ ಕಲಿಯುವುದು ಭಯವೊಂದನ್ನೇ. ಉಪವಾಸ ಹಾಕಿ ಕಲಿಸುವ ವಿಂಡ್ಸರ್ ಪಾಠ ಇಷ್ಟು ಸಣ್ಣ ಮರಿಗೆ ಅಪಾಯಕಾರಿಯೂ ಹೌದು; ರಕ್ತದ ಸಕ್ಕರೆ ಇಳಿದು ಕುಸಿದುಬೀಳಬಹುದು.

ಇಷ್ಟನ್ನು ಓದಿ ಯಾರಾದರೂ ‘ಹಾಗಾದರೆ ಇಂಥ ನಾಯಿಯನ್ನು ಸಾಕಲೇಬಾರದೇ’ ಎಂದು ಕೇಳಬಹುದು. ಈಗಾಗಲೇ ಹುಟ್ಟಿರುವ ನಾಯಿಗೆ ಈ ಪ್ರಶ್ನೆಯಿಂದ ಉಪಯೋಗವಿಲ್ಲ. ಅದಕ್ಕೆ ಬೇಕಾದ್ದು ಕಣ್ಣು ಒರೆಸುವ ಬಟ್ಟೆ, ನೆರಳು, ತಾಳ್ಮೆ. ಆದರೆ ಹೊಸ ಮರಿ ಕೊಳ್ಳುವಾಗ ಎಷ್ಟು ಚಪ್ಪಟೆ ಮುಖವೋ ಅಷ್ಟು ಹೆಚ್ಚು ಬೆಲೆ ಕೊಡುವವರು, ಆರಿಸುತ್ತಿದ್ದ ಆ ಹಳೆಯ ಕಣ್ಣಿನ ಜಾಗದಲ್ಲಿ ತಾವೇ ಕೂರುತ್ತಾರೆ. ಭಾರತದಲ್ಲಿ ನಾಯಿಗಳ ಸಂತಾನ ಮತ್ತು ಮಾರಾಟಕ್ಕೆ 2017ರಲ್ಲಿ ಕೇಂದ್ರದ ನಿಯಮಗಳು ಬಂದಿವೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಯಮ ಮರಿಯ ವಯಸ್ಸನ್ನು ನೋಡಬಹುದು. ಮೂತಿಯ ಉದ್ದವನ್ನು ನಿರ್ಧರಿಸುವುದು ಗಿರಾಕಿಯ ರುಚಿ.

ಚರಿತ್ರೆಯ ಪುಟಗಳಲ್ಲಿ ಈ ನಾಯಿಯ ಪಕ್ಕ ದೊರೆಗಳಿದ್ದಾರೆ, ರಾಣಿಯರಿದ್ದಾರೆ, ಸೇನಾನಿಗಳಿದ್ದಾರೆ. ಬತ್ತಿ ಹಿಡಿಯಲು ಕಲಿಸಿದವರು, ಸ್ನಾನ ಮಾಡಿಸಿದವರು, ಅನ್ನಕ್ಕೆ ಕೋಳಿ ಕಲಸಿದವರು ಅಂಚಿನಲ್ಲಿದ್ದಾರೆ. ಆದರೆ ನಾಯಿಯ ಮಟ್ಟಿಗೆ ಅವರೇ ಇಡೀ ಜಗತ್ತು. ದೊರೆ ಯಾರು, ಅರಮನೆ ಯಾರದ್ದು, ತನ್ನ ಹೆಸರಿನ ಅರ್ಥವೇನು ಎಂಬುದು ಲೂಟಿಗೆ ಎಂದೂ ತಿಳಿಯಲಿಲ್ಲ. ತಟ್ಟೆ ಇಡಲು ಬರುವ ಹೆಜ್ಜೆಯ ಸದ್ದು ಮಾತ್ರ ಅದಕ್ಕೆ ಚೆನ್ನಾಗಿ ತಿಳಿದಿರಬೇಕು.